ಮಾಳಮ್ಮ ನೀರು ಕುಡಿಯುತ್ತಿದ್ದ ಜಾಗ

ತಾಂಡೂರಿನಿಂದ ಸುಜಾತಾ ಎಂಬ ಹುಡುಗಿ ಎರಡು ಸಲ ಜಹೀರಾಬಾದಿನ ನನ್ನ ಮನೆಗೆ ಬಂದು ಹೋದಳು. ಅವಳ ತಂದೆ ತಾಂಡೂರಿನಲ್ಲಿ ಕಲ್ಲು ಪಾಲಿಷ್ ಮಾಡುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಾರೆ. ಕಾಲೇಜು ಮುಗಿಸಿ, ನಾಲ್ವರು ಗೆಳತಿಯರನ್ನು ಕೂಡಿಸಿಕೊಂಡು ಫೋನಿನಲ್ಲೇ ಸಿನಿಮಾ ತೆಗೆಯಲು ಹೊರಟವಳು. ಕೇಳಿದ್ದು ಒಂದೇ ಪ್ರಶ್ನೆ.

"ಕಾಕಾ, ಸಿನಿಮಾ ತಗದವ್ರೆಲ್ಲಾ ಹೊಲ ಮಾರ್ಕೊಂಡಾರ. ನೀವು ಹ್ಯಾಂಗ್ ಉಳದ್ರಿ? ಲಾಭ ಹ್ಯಾಂಗ್ ಮಾಡಿದ್ರಿ?"

ಎರಡೂ ಸಲ ಚಹಾ ಕುಡಿಸಿ ಕಳಿಸಿದೆ. ಹೇಳಲು ಬಾಯಿ ಬರಲಿಲ್ಲ. ಬರೆದರೆ ಬಂದೀತೆಂದು ಬರೆಯುತ್ತಿದ್ದೇನೆ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಇಪ್ಪತ್ತು ವರ್ಷ ಸಣ್ಣ ಸಿನಿಮಾ ತೆಗೆದೆ. ಒಟ್ಟು ಏಳು. ಯಾವುದರ ಹೆಸರೂ ಪತ್ರಿಕೆಯಲ್ಲಿ ಬರಲಿಲ್ಲ, ಯಾವುದೂ ನಷ್ಟವಾಗಲಿಲ್ಲ. ನನ್ನ ಹೆಂಡತಿ ಮಾಳಮ್ಮ ಹೋದ ವರ್ಷ ತೊಗರಿ ಹೂ ಬಿಡುವ ಹೊತ್ತಿಗೆ ತೀರಿಕೊಂಡಳು. ಅಂದಿನಿಂದ ಕೆಲಸ ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ ಕೆಲಸವೇ ನಿಂತಿತು ಎನ್ನಬೇಕು. ನಮ್ಮ ಏಳೂ ಸಿನಿಮಾಗಳಲ್ಲಿ ದನಿ ಇಲ್ಲ. ಬರೀ ಚಿತ್ರವಿದೆ. ಪ್ರತಿ ಆಟಕ್ಕೂ ಪರದೆಯ ಪಕ್ಕದಲ್ಲಿ ಕೂತು ಎಲ್ಲ ಪಾತ್ರಗಳ ಮಾತನ್ನೂ ಮಾಳಮ್ಮನೇ ಹೇಳುತ್ತಿದ್ದಳು. ಆ ದನಿಯನ್ನು ನಾನು ಒಮ್ಮೆಯೂ ರೆಕಾರ್ಡ್ ಮಾಡಲಿಲ್ಲ. ಮಾಡಬಾರದು ಎಂಬುದೇ ನಮ್ಮ ಲಾಭದ ಗುಟ್ಟಾಗಿತ್ತು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಬರೆಯಲು ಸುಲಭ.

ನನಗೆ ಕೆಲಸ ಕಲಿಸಿದವರು ಖಲೀಲ್ ಸಾಬ್. ಜಹೀರಾಬಾದಿನ ಬಸ್ ನಿಲ್ದಾಣದ ಹಿಂದೆ ಅವರದು ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ. ಬೈದರೆ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು, ಹೊಗಳಿದರೆ ಕಿವಿಯಲ್ಲಿ ಹೊಗಳುತ್ತಿದ್ದರು. ನನ್ನ ಮೊದಲ ಮದುವೆಯ ಟೇಪು ನೋಡಿ, "ದುಲ್ಹನ್ ಕೂ ಸಬ್ ಲೇತೇ ಮಿಯಾ, ನಾನಿ ಕೂ ಕೌನ್ ಲೇತಾ?" ಎಂದು ತಲೆಗೆ ಮೊಟಕಿದರು. ಮದುಮಗಳನ್ನು ಎಲ್ಲರೂ ತೆಗೆಯುತ್ತಾರೆ, ಅಜ್ಜಿಯನ್ನು ಯಾರು ತೆಗೆಯುತ್ತಾರೆ ಎಂದು ಅವರ ಮಾತು. ಬರುವ ವರ್ಷ ಅಜ್ಜಿ ಇರುವುದಿಲ್ಲ. ಆಗ ಆ ಮನೆಯವರೆಲ್ಲ ಆ ಟೇಪಿಗಾಗಿ ಬರುತ್ತಾರೆ. ಹಾಗೇ ಬರುತ್ತಿದ್ದರು. ಇದನ್ನು ನಾನು ನೂರಾರು ಮನೆಗಳ ವಿಷಯದಲ್ಲಿ ಪಾಲಿಸಿದೆ.

ಮಾಳಮ್ಮ ಕಂಗ್ಟಿ ಕಡೆಯವಳು. ಕುರಿ ಸಾಕುವ ಮನೆ. ಐದನೆಯ ತರಗತಿಗೆ ಶಾಲೆ ಬಿಟ್ಟವಳು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಉಣ್ಣೆ ಕೊಳ್ಳುವವರ ಜೊತೆ ದಖನಿ ಉರ್ದು, ಹೀಗೆ ಮೂರೂ ಅವಳ ಬಾಯಲ್ಲಿ ಆಡುತ್ತಿದ್ದವು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು. ಮದುವೆಯಾದ ಹೊಸದರಲ್ಲಿ ನಾನು ಮಧ್ಯಾಹ್ನ ಮಲಗಿದ್ದರೆ ಬಾಗಿಲ ಹಿಂದೆ ನಿಂತು, "ಅರೇ ಮಾಣಿಕಪ್ಪಾ, ಬ್ಯಾಟ್ರಿ ಕಾಂ ಹೈ ರೇ?" ಎಂದು ಖಲೀಲ್ ಸಾಬರ ದನಿಯಲ್ಲಿ ಗದರುತ್ತಿದ್ದಳು, ಬ್ಯಾಟರಿ ಎಲ್ಲೋ ಎಂದು. ನಾನು ಎದ್ದು ಅಂಗಿ ಹುಡುಕುವಾಗ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅದನ್ನು ನಾನು ಮನೆಯ ತಮಾಷೆ ಎಂದುಕೊಂಡಿದ್ದೆ.

ಮೊದಲ ಸಿನಿಮಾದ ಕಥೆ ಅವಳ ಚಿಕ್ಕಪ್ಪ ಭೀಮಣ್ಣನದು. ಒಬ್ಬ ಮುದುಕ ಊರಲ್ಲಿಲ್ಲದಾಗ ಅಳಿಯ ಅವನ ಕುರಿಗಳನ್ನೆಲ್ಲ ಮಾರಿಬಿಡುತ್ತಾನೆ. ಮುದುಕ ಬರೀ ಕೋಲು ಹಿಡಿದು, ಕುರಿ ಕರೆಯುತ್ತ ಊರೂರು ಅಲೆಯುತ್ತಾನೆ. ಕೊನೆಗೆ ಯಾರದೋ ಹಿಂಡಿನಲ್ಲಿದ್ದ ಒಂದು ಕುರಿ ಅವನ ಕೂಗು ಗುರುತಿಸಿ ಬರುತ್ತದೆ. ಅಷ್ಟೇ ಕಥೆ. ಮುದುಕನ ಪಾತ್ರ ಮಾಡಿದ್ದೂ ಭೀಮಣ್ಣನೇ. ಕುರಿಗಳು ಮನೆಯವು. ಅಡುಗೆ ಮಾಳಮ್ಮನದು. ಮದುವೆ ಸೀಸನ್ ಇಲ್ಲದ ಹನ್ನೊಂದು ದಿನ ಖಲೀಲ್ ಸಾಬರ ಕ್ಯಾಮೆರಾ ತಂದು ಕಂಗ್ಟಿಯ ಹೊಲಗಳಲ್ಲಿ ತೆಗೆದೆ. ಜೋಳ ಒಣಗಿ ಕೊಯ್ಲಿಗೆ ಬಂದಿತ್ತು.

ಆಗ ನಾನು ಮಾಡಿದ ತಪ್ಪನ್ನು ಮದುವೆ ವಿಡಿಯೋದವನು ಮಾತ್ರ ಮಾಡಬಲ್ಲ. ಮದುವೆಯ ಟೇಪಿನ ಸಪ್ಪಳವನ್ನು ಯಾರೂ ಕೇಳುವುದಿಲ್ಲ. ಆಮೇಲೆ ಅದರ ಮೇಲೆ ಹಾಡು ಹಾಕಿಬಿಡುತ್ತೇವೆ. ಹಾಗಾಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡುವ ರೂಢಿ ನನಗಿರಲಿಲ್ಲ. ಹನ್ನೊಂದು ದಿನದಲ್ಲಿ ಒಮ್ಮೆಯೂ ಕೇಳಿ ನೋಡಲಿಲ್ಲ. ಸ್ಟುಡಿಯೋಗೆ ತಂದು ಹಾಕಿದರೆ ಭೀಮಣ್ಣ ಬಾಯಿ ತೆರೆಯುತ್ತಾನೆ, ಕೇಳುವುದು ಮಾತ್ರ ಒಣ ಜೋಳದ ಎಲೆಗಳ ಕರಕರ. ಮುದುಕನ ಮಗಳು ಅಳುತ್ತಾಳೆ, ಕರಕರ. ಒಂದೂಕಾಲು ಗಂಟೆ ಬರೀ ಗಾಳಿ.

ಖಲೀಲ್ ಸಾಬ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಾಣಿಕಪ್ಪಾ, ಜವಾರ್ ಕಾ ಇಂಟರ್ವ್ಯೂ ಲೇಕೋ ಆಯಾ ರೇ ತೂ!" ಎಂದರು. ಜೋಳದ ಸಂದರ್ಶನ ಮಾಡಿಕೊಂಡು ಬಂದಿದ್ದೀಯಾ ಎಂದು.

ಹೈದರಾಬಾದಿನಲ್ಲಿ ದನಿ ಕೂಡಿಸುವ ಖರ್ಚು ವಿಚಾರಿಸಿದೆ. ಆ ದುಡ್ಡಿನಲ್ಲಿ ಇನ್ನೆರಡು ಸಿನಿಮಾ ತೆಗೆಯಬಹುದಿತ್ತು. ತಲೆ ಮೇಲೆ ಕೈ ಹೊತ್ತು ಕೂತೆ. ಊಟದ ಡಬ್ಬಿ ತಂದಿದ್ದ ಮಾಳಮ್ಮ ನನ್ನ ಹಿಂದೆ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ತಂದೆ ಮತ್ತು ಮಗಳ ಜಗಳದ ಭಾಗ ಬಂತು. ಅವಳು ತನ್ನಷ್ಟಕ್ಕೆ ಮಾತಾಡತೊಡಗಿದಳು.

"ನನ್ನ ಕುರಿ ಎಲ್ಲಿ ಹೋದ್ವು ಹೇಳ್ತಿ ಇಲ್ಲ?" ಅದು ಭೀಮಣ್ಣನ ದನಿ, ಅವನ ಬೀಡಿಯ ಕೆಮ್ಮು ಸಮೇತ.

"ಯಪ್ಪಾ, ಮೊದ್ಲ ಕುಂದ್ರು, ಉಣ್ಣು. ಆಮ್ಯಾಕ ಹೇಳ್ತೀನಿ." ಅದು ಮಗಳ ದನಿ.

"ಉಣ್ಣಾಕ ಬಂದಿಲ್ಲ ನಾ. ಎಣಸಾಕ ಬಂದೀನಿ."

ಪರದೆಯ ಮೇಲಿನ ತುಟಿಗಳಿಗೂ ಅವಳ ಮಾತಿಗೂ ಕೂದಲಿನಷ್ಟು ಅಂತರವಿರಲಿಲ್ಲ. ಖಲೀಲ್ ಸಾಬರ ನಗು ನಿಂತಿತು. ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಕೊನೆಯವರೆಗೆ ಕೇಳಿ, ನನ್ನನ್ನು ಹೊರಗೆ ಕರೆದು ಕಿವಿಯಲ್ಲಿ ಹೇಳಿದರು: "ಪೆಹ್ಲೇ ಇಸ್ಕೂ ಪಕಡ್ ಲೇ ಮಿಯಾ. ಧಂದಾ ಬಾದ್ ಮೇ." ಮೊದಲು ಇವಳ ದನಿಯನ್ನು ಹಿಡಿದಿಟ್ಟುಕೋ, ವ್ಯಾಪಾರ ಆಮೇಲೆ ಎಂದು.

ನಾನು ತಲೆಯಾಡಿಸಿದೆ. ಮಾಡಲಿಲ್ಲ.

ಮೊದಲ ಆಟ ನಾರಾಯಣಖೇಡದಲ್ಲಿ. ಥಿಯೇಟರಿನ ಬಾಡಿಗೆ ನಮಗೆ ಎಟುಕುವಂತಿರಲಿಲ್ಲ. ಹೆಸರುಕಾಳು, ಉದ್ದು ಲಾರಿ ಹತ್ತಿ ಹೋದ ಮೇಲೆ ಹೊಸ ತೊಗರಿ ಬರುವವರೆಗೆ ಮಾರುಕಟ್ಟೆಯ ಗೋದಾಮುಗಳು ಖಾಲಿ ಬಿದ್ದಿರುತ್ತವೆ. ವಿಠಲ್ ಸೇಠ್ ಎಂಬುವರ ಗೋದಾಮು ಸಿಕ್ಕಿತು. ನೆಲಕ್ಕೆ ತಾಂಡೂರಿನ ಕಲ್ಲು, ಎತ್ತರದ ತಗಡಿನ ಮಾಡು. ಹಗಲಿನಲ್ಲಿ ಒಳಗೆ ಬೆಳಕು ಬರಬಾರದಲ್ಲ, ಅದಕ್ಕೆ ಮಾಳಮ್ಮನ ಅಣ್ಣ ಹಿಂಡಿನ ಸಮೇತ ಬಂದು ಮನೆಯ ಕಂಬಳಿಗಳನ್ನೆಲ್ಲ ಕಿಟಕಿ, ಬಾಗಿಲಿಗೆ ಕಟ್ಟಿದ. ಕರಿ ಕಂಬಳಿಗಿಂತ ಒಳ್ಳೆಯ ಪರದೆ ನಾನು ಇವತ್ತಿಗೂ ನೋಡಿಲ್ಲ. ಬೆಳಕನ್ನೂ ತಡೆಯುತ್ತದೆ, ಹೊರಗಿನ ಗದ್ದಲವನ್ನೂ ತಡೆಯುತ್ತದೆ. ಒಳಗೆಲ್ಲ ಉಣ್ಣೆಯ ಮತ್ತು ಬೇಳೆ ಧೂಳಿನ ವಾಸನೆ. ಇವತ್ತಿಗೂ ಸಿನಿಮಾ ಎಂದರೆ ನನ್ನ ಮೂಗಿಗೆ ಆ ವಾಸನೆಯೇ.

ಗೋದಾಮು ಗುಡಿಸಿ ಚೆಲ್ಲಿದ ಕಾಳು ಆಯ್ದುಕೊಳ್ಳುವ ಬಾಲಮ್ಮ ಎಂಬವಳು ಅಲ್ಲೇ ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಮಾಳಮ್ಮನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

"ಒಬ್ಬಾಕಿನೇ ಎಲ್ಲಾರ್ದೂ ಮಾತಾಡ್ತಿಯೇನ? ಗಂಟ್ಲ ಹರದು ಹೋಗ್ತದವ್ವ."

"ಹರದ್ರ ಹೊಲಿಯಾಕ ನೀ ಇದ್ದಿ ಅಲ್ಲಕ್ಕ," ಎಂದಳು ಮಾಳಮ್ಮ.

ಬಾಲಮ್ಮ ಹೋಗಿ ಒಂದು ತಂಬಿಗೆ ನೀರು ತಂದು ಅವಳ ಪಕ್ಕದಲ್ಲಿಟ್ಟಳು.

ಆಟ ಶುರುವಾಯಿತು. ಮೊದಲ ದೃಶ್ಯದಲ್ಲಿ ಮುದುಕ ಕುರಿ ಕರೆಯುತ್ತಾನೆ. ಮಾಳಮ್ಮ ಗಂಟಲ ಆಳದಿಂದ ಆ ಕೂಗು ತೆಗೆದಳು. ಹೊರಗೆ ಅವಳ ಅಣ್ಣನ ಹಿಂಡು ನಿಂತಿತ್ತು. ಕೂಗು ಕೇಳಿದ್ದೇ ತಡ ಕುರಿಗಳೆಲ್ಲ ಅರಚುತ್ತ ಬಾಗಿಲಿಗೆ ಬಂದವು. ಎರಡು ಕುರಿಗಳು ಕಂಬಳಿಯ ಕೆಳಗಿನಿಂದ ತಲೆ ತೂರಿಸಿ ಒಳಗೇ ನುಗ್ಗಿದವು. ಜನ ಎದ್ದು ನಿಂತರು. ನಗಬೇಕೋ ಹೆದರಬೇಕೋ ಅವರಿಗೆ ತಿಳಿಯಲಿಲ್ಲ. ಪರದೆಯ ಮೇಲಿನ ಮುದುಕ ಕರೆದರೆ ಕಂಬಳಿ ಸರಿಸಿ ನಿಜವಾದ ಕುರಿ ಬಂದಿತ್ತು. ಈ ಹೆಂಗಸಿನ ಜೊತೆ ಆರು ವರ್ಷ ಸಂಸಾರ ಮಾಡಿದ್ದೆ. ಅವಳು ಯಾರು ಎಂದು ಅವತ್ತು ನೋಡಿದೆ.

ಸಿನಿಮಾದ ನಡುವೆ ಒಂದು ಜಾಗವಿದೆ. ಮುದುಕ ಒಣಗಿದ ಹಳ್ಳದ ದಂಡೆಯಲ್ಲಿ ಸುಮ್ಮನೆ ಕೂರುತ್ತಾನೆ. ಅರ್ಧ ನಿಮಿಷ ಯಾರಿಗೂ ಮಾತಿಲ್ಲ. ಇಡೀ ಸಿನಿಮಾದಲ್ಲಿ ಮಾಳಮ್ಮನಿಗೆ ಬಿಡುವು ಸಿಗುತ್ತಿದ್ದುದು ಅಲ್ಲಿ ಮಾತ್ರ. ಅವತ್ತು ಅವಳು ಅಲ್ಲಿ ನೀರು ಕುಡಿದಳು. ಮೈಕು ಕೆಳಗಿಡಲು ನೆನಪಾಗಲಿಲ್ಲ. ಗುಟುಕಿನ ಸಪ್ಪಳ ಗೋದಾಮಿಗೆಲ್ಲ ಕೇಳಿತು. ಆಮೇಲೆ ತಂಬಿಗೆಯನ್ನು ಕಲ್ಲಿನ ಮೇಲಿಟ್ಟಳು, ಟಣ್.

ಆಟ ಮುಗಿದ ಮೇಲೆ ನಾನು ಬಾಗಿಲಲ್ಲಿ ನಿಂತು, "ನೀರಿನ ಸಪ್ಪಳ ಆತು, ತಪ್ಪು ತಿಳ್ಕೋಬ್ಯಾಡ್ರಿ," ಎಂದು ಎಲ್ಲರಿಗೂ ಹೇಳುತ್ತಿದ್ದೆ. ಒಬ್ಬ ಹಮಾಲಿ ನನ್ನನ್ನು ವಿಚಿತ್ರವಾಗಿ ನೋಡಿದ.

"ಯಾವ ಸಪ್ಪಳ್ರಿ? ಮುದುಕ ದುಃಖ ನುಂಗ್ದ. ಅದು ಸಿನಿಮಾದಾಗಿಂದೇ ಅದ ಅಲ್ಲೇನ್ರಿ?"

ಮುಂದೆ ಮಾಳಮ್ಮ ಪ್ರತಿ ಆಟದಲ್ಲೂ ಅಲ್ಲೇ ನೀರು ಕುಡಿದಳು. ಮೈಕು ಹಿಡಿದುಕೊಂಡೇ.

ಈಗ ಲಾಭದ ವಿಷಯ. ಸುಜಾತಾ, ನಿನಗೆ ಬೇಕಾದದ್ದು ಇಲ್ಲಿದೆ.

ಆ ಕಾಲದಲ್ಲಿ ಸಣ್ಣ ಸಿನಿಮಾ ತೆಗೆದವರನ್ನು ಮುಗಿಸುತ್ತಿದ್ದುದು ಕಳ್ಳ ಸೀಡಿ. ಮೊದಲ ದಿನ ಆಟ, ಮರುದಿನ ಬಸ್ ನಿಲ್ದಾಣದಲ್ಲಿ ಸೀಡಿ. ನಮ್ಮ ಸಿನಿಮಾವನ್ನೂ ಯಾರೋ ಕದ್ದರು. ಒಂದು ವಾರ ಜಹೀರಾಬಾದಿನಲ್ಲಿ ಮಾರಿದರು. ಕೊಂಡವರೆಲ್ಲ ವಾಪಸ್ಸು ತಂದು ಅಂಗಡಿಯವನ ಮುಂದೆ ಎಸೆದರು. "ಮೂಕ ಸಿನಿಮಾ ಕೊಟ್ಟೀ ಏನಲೇ? ಆ ಅಕ್ಕ ಎಲ್ಲಿ?" ಎಂದು ಜಗಳ. ಅಕ್ಕ ಬೇಕೆಂದರೆ ಗೋದಾಮಿಗೇ ಬರಬೇಕು. ಬಂದರು. ಬಂದವರು ಮತ್ತೆ ಬಂದರು, ಏಕೆಂದರೆ ಎರಡು ಆಟ ಒಂದೇ ಥರ ಇರುತ್ತಿರಲಿಲ್ಲ. ಮುಂದೆ ಕೂತವರನ್ನು ನೋಡಿ ಮಾಳಮ್ಮ ಭಾಷೆ ಬದಲಿಸುತ್ತಿದ್ದಳು. ತಾಂಡೂರಿನಲ್ಲಿ ಅಳಿಯ ತೆಲುಗು ಆಡುತ್ತಿದ್ದ, ಜಹೀರಾಬಾದಿನಲ್ಲಿ ದಖನಿ. ಮುದುಕ ಅಲೆಯುವ ಊರುಗಳ ಹೆಸರೂ ಬದಲಾಗುತ್ತಿದ್ದವು. ತಮ್ಮ ಊರಿನ ಹೆಸರು ಬಂದರೆ ಜನ ಸೀಟಿ ಹೊಡೆಯುತ್ತಿದ್ದರು. ಒಂದೊಂದು ಸಿನಿಮಾ ಹೀಗೆ ಮೂರು ವರ್ಷ ದುಡಿಯಿತು; ಮೊದಲನೆಯದನ್ನು ಮಾತ್ರ ಜನ ಪ್ರತಿ ವರ್ಷ ಕೇಳಿ ಹಾಕಿಸಿದರು. ಖರ್ಚು ಎಂದರೆ ಟೇಪು, ಊಟ, ಗೋದಾಮಿನ ಬಾಡಿಗೆ, ಬಸ್ ಚಾರ್ಜು. ಇದ್ದದ್ದರಲ್ಲಿ ತೆಗೆದೆವು, ಖಾಲಿ ಇದ್ದಲ್ಲಿ ತೋರಿಸಿದೆವು. ಕದಿಯಲು ಬಾರದ ಒಂದು ವಸ್ತುವನ್ನು ನಮ್ಮಲ್ಲೇ ಇಟ್ಟುಕೊಂಡೆವು. ನಾನು ಬಲ್ಲ ವ್ಯಾಪಾರ ಇಷ್ಟೇ.

ಸೀಡಿಯ ಜಗಳ ಕಣ್ಣಾರೆ ನೋಡಿದ ದಿನ ನಾನು ನಿರ್ಧರಿಸಿದೆ: ಮಾಳಮ್ಮನ ದನಿ ಯಾವ ಟೇಪಿಗೂ ಹೋಗಬಾರದು.

ಲಾಭ ಕಂಡ ಮೇಲೆ ದುರಾಸೆಯೂ ಬಂತು. ನಾಲ್ಕನೆಯ ವರ್ಷ ಒಂದೇ ದಿನ ಎರಡು ಕಡೆ ಆಟ ಇಟ್ಟೆ. ನಾರಾಯಣಖೇಡಕ್ಕೆ ಮಾಳಮ್ಮ. ತಾಂಡೂರಿಗೆ ನಾಟಕದಲ್ಲಿ ಹೆಸರು ಮಾಡಿದ ಒಬ್ಬ ಮೇಷ್ಟರು. ಮಾತೆಲ್ಲ ಬರೆದು ಕೊಟ್ಟಿದ್ದೆ. ಒಳ್ಳೆಯ ಕಂಠ, ಸ್ಪಷ್ಟ ಉಚ್ಚಾರ. ಹತ್ತು ನಿಮಿಷಕ್ಕೆ ಜನ ಗುಸುಗುಸು ಶುರು ಮಾಡಿದರು. ಹಳ್ಳದ ದಂಡೆಯ ದೃಶ್ಯ ಬಂದಾಗ ಮೇಷ್ಟರು ಸುಮ್ಮನಿದ್ದರು. ನಾನು ಬರೆದು ಕೊಟ್ಟ ಕಾಗದದಲ್ಲಿ ಅಲ್ಲಿ ಏನೂ ಇರಲಿಲ್ಲ. ಕಲ್ಲು ಕೊರೆಯುವ ಕೆಲಸದವನೊಬ್ಬ ಎದ್ದು ನಿಂತ.

"ಏ ಸಾರ್, ಇಲ್ಲಿ ಒಂದು ತುಂಡು ಕತ್ರಿಸೀರಿ! ನೀರು ಎಲ್ಲಿ?"

ಎಲ್ಲರ ಟಿಕೆಟಿನ ದುಡ್ಡು ವಾಪಸ್ಸು ಕೊಟ್ಟು ಬಂದೆ. ಮಾಳಮ್ಮನಿಗೆ ಹೇಳಿದಾಗ ಅವಳು ನಗಲಿಲ್ಲ. "ಆ ಮೇಷ್ಟರಿಗಿ ಮಜ್ಜಿಗಿ ಕುಡ್ಸಿ ಕಳ್ಸೀರಿಲ್ಲ? ಪಾಪ, ಎಷ್ಟ್ ಮಂದಿ ಮುಂದ ಮಾನ ಹೋತು ಅವರ್ದು," ಎಂದಳು. ನನಗೆ ಅದು ಹೊಳೆದೇ ಇರಲಿಲ್ಲ.

ಇನ್ನೊಂದು ವರ್ಷ ತೊಗರಿ ಬೇಗ ಬಂದುಬಿಟ್ಟಿತು. ನಾರಾಯಣಖೇಡದಲ್ಲಿ ಆಟ ಅರ್ಧವಾಗಿತ್ತು. ಲಾರಿ ಬಂದು ಬಾಗಿಲಿಗೇ ನಿಂತಿತು. ವಿಠಲ್ ಸೇಠ್ ಕಂಬಳಿ ಕಿತ್ತೆಸೆದು ಒಳಗೆ ಬಂದರು.

"ಏಳ್ರಿ, ಏಳ್ರಿ! ಮಾಲ್ ಬಂದದ. ತಮಾಶಾ ಬಂದ್ ಮಾಡ್ರಿ."

ಮಾಳಮ್ಮ ಆಟ ನಿಲ್ಲಿಸಲಿಲ್ಲ. ಆಗ ಪರದೆಯ ಮೇಲೆ ಮುದುಕ ಒಬ್ಬ ವ್ಯಾಪಾರಿಯ ಅಂಗಡಿ ಮುಂದೆ ನಿಂತಿದ್ದ. ಅವಳು ವ್ಯಾಪಾರಿಗೆ ವಿಠಲ್ ಸೇಠರದೇ ದನಿ ಹಚ್ಚಿದಳು. "ಏಳೋ, ಏಳೋ ಮುದುಕಾ! ಮಾಲ್ ಬರೂ ಹೊತ್ತಾಗ್ಯಾದ. ನೀ ಅಳೂದು ಬಂದ್ ಮಾಡು." ಗೋದಾಮು ನಗುವಿನಿಂದ ನಡುಗಿತು. ನಾನು ಕಣ್ಣು ಮುಚ್ಚಿಕೊಂಡೆ, ಇನ್ನು ಈ ಗೋದಾಮಿಗೆ ನಾವು ಕಾಲಿಡುವುದಿಲ್ಲ ಎಂದು. ಮುದುಕ ಹೇಳಿದ: "ಸೇಠ್, ನಿಂದು ಮಾಲ್ ಬರ್ತದ. ನಂದು ಬರಲ್ಲ." ಆ ಮಾತು ಮೊದಲು ಸಿನಿಮಾದಲ್ಲಿ ಇರಲಿಲ್ಲ. ಕಣ್ಣು ತೆರೆದಾಗ ಸೇಠ್ ಕಂಬಳಿಯನ್ನು ತಾವೇ ಹಿಡಿದು ಬೆಳಕು ಮುಚ್ಚಿ ನಿಂತಿದ್ದರು. ಹಮಾಲಿಗಳು ಲಾರಿಯಿಂದ ಇಳಿದು ಕೂತಿದ್ದರು. ಆಟ ಮುಗಿದ ಮೇಲೇ ಚೀಲ ಇಳಿದದ್ದು.

ಪಸ್ತಾಪುರದಲ್ಲಿ ನಡೆದದ್ದನ್ನೂ ಹೇಳಬೇಕು. ಅಲ್ಲಿ ಸಿರಿಧಾನ್ಯ ಬೆಳೆಯುವ ಹೆಂಗಸರ ಸಂಘವಿದೆ. ಅವರ ಬೀಜದ ಕೋಣೆಯ ಪಕ್ಕದ ಹಾಲಿನಲ್ಲಿ ಆಟ. ಆ ಹೆಂಗಸರು ಪರದೆಯ ಜೊತೆಗೇ ಮಾತಾಡುವವರು. ಅಳಿಯ ಕುರಿ ಮಾರುವ ದೃಶ್ಯದಲ್ಲಿ ಒಬ್ಬಳು ಎದ್ದು, "ನಿನ್ನ ಕೈ ಬಿದ್ದು ಹೋಗ! ಹೇಳದೆ ಕೇಳದೆ ಮಾರ್ತಿಯೇನೋ?" ಎಂದು ಬೈದಳು. ಮಾಳಮ್ಮ ಅಳಿಯನಾಗಿ ಉತ್ತರಿಸಿದಳು: "ಯವ್ವಾ, ಬೈಬ್ಯಾಡ್ರಿ. ಮುಂದ ಏನಾಗ್ತದ ನೋಡಿ ಆಮ್ಯಾಕ ಬೈರಿ." ಇನ್ನೊಬ್ಬಳು ಎದ್ದಳು. ಅವಳಿಗೂ ಉತ್ತರ ಸಿಕ್ಕಿತು. ನಾನು ಬಟನ್ ಒತ್ತಿ ಚಿತ್ರ ನಿಲ್ಲಿಸಿಕೊಂಡು ಕೂತೆ. ಒಂದೂಕಾಲು ಗಂಟೆಯ ಸಿನಿಮಾ ಮೂರು ಗಂಟೆ ನಡೆಯಿತು. ಕೊನೆಗೆ ಆ ಹೆಂಗಸರು ಅಳಿಯನ ಕೈಲಿ ತಪ್ಪಾಯಿತು ಎನಿಸಿದ ಮೇಲೇ ಮುಂದಕ್ಕೆ ಬಿಟ್ಟರು. ಟಿಕೆಟಿಗೆ ಬದಲು ಜೋಳ, ನವಣೆ, ಸಾವೆ ಅಳೆದು ಕೊಟ್ಟರು. ಆ ವರ್ಷದ ಲಾಭವನ್ನು ನಾವು ಉಂಡೆವು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಾಳಮ್ಮನ ದನಿ ಪೂರಾ ಕಟ್ಟಿಹೋಗಿತ್ತು. ಕೈಸನ್ನೆಯಲ್ಲೇ ನಗುತ್ತಿದ್ದಳು.

ಕಾಲ ಬದಲಾಯಿತು. ಸೀಡಿ ಹೋಗಿ ಮೆಮೊರಿ ಕಾರ್ಡು ಬಂತು, ಅದು ಹೋಗಿ ಎಲ್ಲ ಫೋನಿನಲ್ಲೇ ಬಂತು. ಟೇಪಿನ ಕ್ಯಾಮೆರಾ ಬಿಟ್ಟು ನಾನೂ ಹೊಸದು ತಂದೆ. ಖಲೀಲ್ ಸಾಬ್ ಸ್ಟುಡಿಯೋ ಮುಚ್ಚಿದರು, ಒಂದೆರಡು ವರ್ಷದಲ್ಲಿ ತೀರಿಕೊಂಡರು. ಸಾಯುವ ಮುಂಚೆ ನೋಡಲು ಹೋದಾಗ, "ಪಕಡ್ ಲಿಯಾ ಕ್ಯಾ?" ಎಂದು ಕೇಳಿದರು. ಹಿಡಿದೆಯಾ ಎಂದು. ನಾನು ಹೂಂ ಎಂದೆ. ಸಾಯುತ್ತಿದ್ದ ಗುರುವಿಗೆ ಸುಳ್ಳು ಹೇಳಿದೆ.

ಮಾಳಮ್ಮ ಒಂದೇ ಸಲ ಕೇಳಿದಳು. ತಾಂಡೂರಿನ ಆಟ ಮುಗಿಸಿ ಕಂಬಳಿ ಮಡಚುತ್ತಿದ್ದೆವು.

"ಏನ್ರಿ, ಒಮ್ಮಿ ನಂದು ದನಿ ಹಿಡೀರಲ್ಲ. ನಾ ಹ್ಯಾಂಗ್ ಮಾತಾಡ್ತೀನಿ, ನಾ ಕೇಳೇ ಇಲ್ಲ."

"ಹಿಡದ್ರ ಧಂದಾ ಮುಗೀತು ನೋಡು. ಫೋನಿನಾಗ ಬಂತಂದ್ರ ಗೋದಾಮಿಗಿ ಯಾರ್ ಬರ್ತಾರ?"

"ಧಂದಾಕಲ್ಲ. ಮನಿಯಾಗ ಇಟ್ಕೊಳಾಕ."

"ಮನಿಯಾಗ ನೀನೇ ಇದ್ದೀಯಲ್ಲ," ಎಂದೆ.

ಅವಳು ನಕ್ಕಳು. ನನ್ನ ಮಾತು ಅವಳಿಗೆ ಹಿಡಿಸಿತು ಎಂದುಕೊಂಡೆ. ಹಿಡಿಸಿತೋ, ಬಿಟ್ಟುಕೊಟ್ಟಳೋ, ಈಗ ಕೇಳುವಂತಿಲ್ಲ.

ಜ್ವರ ಬಂದದ್ದು ಒಂದು ಸೋಮವಾರ. ಗುರುವಾರ ಇರಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಕರ್ಮಗಳು ಮುಗಿದ ಮೇಲೆ ಹುಡುಕಲು ಶುರು ಮಾಡಿದೆ. ಚಿತ್ರೀಕರಣದ ಟೇಪುಗಳಲ್ಲಿ ಅವಳು ಹಿಂದಿನಿಂದ ಏನಾದರೂ ಕೂಗಿ ಹೇಳಿದ್ದು ಇರಬಹುದಿತ್ತು. ಎಲ್ಲದರ ಮೇಲೂ ಮದುವೆಗಳಿದ್ದವು. ಟೇಪನ್ನು ಮತ್ತೆ ಮತ್ತೆ ಬಳಸುವುದು ಸ್ಟುಡಿಯೋದಲ್ಲಿ ಕಲಿತ ಚಾಳಿ. ಹೊಸ ಕ್ಯಾಮೆರಾದಲ್ಲಿ ತೆಗೆದದ್ದರ ಸಪ್ಪಳವನ್ನು ನಾನೇ ಜೋಪಾನವಾಗಿ ಅಳಿಸಿದ್ದೆ, ಕಳ್ಳರ ಭಯಕ್ಕೆ. ಫೋನಿನಲ್ಲಿ ಹುಡುಕಿದೆ. ಎಲ್ಲರ ದನಿ ಇತ್ತು, ಅವಳದಿರಲಿಲ್ಲ. ನಾವು ಒಬ್ಬರನ್ನೊಬ್ಬರು ಬಿಟ್ಟು ಇದ್ದವರೇ ಅಲ್ಲ, ದನಿ ಕಳಿಸುವ ಸಂದರ್ಭವೇ ಬಂದಿರಲಿಲ್ಲ. ನೂರಾರು ಮನೆಯ ಅಜ್ಜಿಯರನ್ನು ಹಿಡಿದಿಟ್ಟವನ ಮನೆಯಲ್ಲಿ ಏನೂ ಉಳಿದಿರಲಿಲ್ಲ. ಒಂದು ದಿನ ಮೊದಲ ಸಿನಿಮಾ ಹಾಕಿ ಕೂತೆ. ಭೀಮಣ್ಣ ಬಾಯಿ ತೆರೆದ. ಜೋಳದ ಕರಕರವೂ ಇಲ್ಲ. ಐದು ನಿಮಿಷಕ್ಕೆ ಆರಿಸಿದೆ. ಆ ಸಿನಿಮಾಗಳೂ ಅವಳ ಜೊತೆಗೇ ಹೋದವು ಎಂದು ಡಬ್ಬಿಗೆ ಹಾಕಿ ಅಟ್ಟಕ್ಕೇರಿಸಿದೆ.

ಈ ವರ್ಷ ಉದ್ದು ಮುಗಿದ ಮೇಲೆ ಬಾಲಮ್ಮ ಬಸ್ಸು ಹತ್ತಿ ಜಹೀರಾಬಾದಿಗೆ ಬಂದಳು. ಈಗ ಅವಳಿಗೆ ವಯಸ್ಸಾಗಿದೆ, ಗುಡಿಸುವುದನ್ನು ಬಿಟ್ಟಿದ್ದಾಳೆ. ಚಹಾ ಕುಡಿಯುವ ಮೊದಲೇ ಹೇಳಿದಳು:

"ಗೋದಾಮು ಖಾಲಿ ಆಗ್ಯಾದ. ಯಾವಾಗ ಬರ್ತಿ?"

"ಬಂದು ಏನ್ ಮಾಡ್ಲಿ ಬಾಲಮ್ಮ? ಮಾತಾಡೋರು ಯಾರು?"

"ಅದು ನಿಂಗ ಯಾಕ ಬೇಕು? ನೀ ಯಾವತ್ತ ಮಾತಾಡಿದ್ದಿ? ಮಷೀನ್ ತಗೊಂಡು ಬಾ, ಸಾಕು."

ಹೋದೆ. ಸುಜಾತಾಳಿಗೂ ತಿಳಿಸಿದೆ, ನೋಡಿ ಕಲಿಯುವುದಿದ್ದರೆ ಬಾ ಎಂದು. ಅವಳು ಸಣ್ಣ ಮೈಕು, ಫೋನು ಹಿಡಿದು ಬಂದಳು. ಮಾಳಮ್ಮನ ಅಣ್ಣ ಕಂಬಳಿಗಳನ್ನು ಆಗಲೇ ಕಟ್ಟಿದ್ದ. ಗೋದಾಮು ತುಂಬಿತ್ತು. ಪರದೆಯ ಪಕ್ಕದ ಜಾಗವನ್ನು ಯಾರೂ ತುಳಿದಿರಲಿಲ್ಲ.

"ಕಾಕಾ, ರೆಕಾರ್ಡ್ ಮಾಡ್ಲೇನ್ರಿ?" ಎಂದು ಸುಜಾತಾ ಕೇಳಿದಳು.

ಇಪ್ಪತ್ತು ವರ್ಷ ಯಾರು ಕೇಳಿದರೂ ಬೇಡ ಎಂದಿದ್ದೆ. "ಮಾಡು," ಎಂದೆ.

ಚಿತ್ರ ಹಾಕಿದೆ. ಪ್ರೊಜೆಕ್ಟರಿನ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಭೀಮಣ್ಣ ಎದ್ದ, ಕೈ ಬಾಯಿಗೆ ತಂದ. ಅವನೂ ತೀರಿಹೋಗಿ ಎಷ್ಟೋ ವರ್ಷವಾಯಿತು. ಆಗ ಬಾಗಿಲ ಬಳಿಯಿಂದ ಮಾಳಮ್ಮನ ಅಣ್ಣ ಕುರಿಯ ಕೂಗು ತೆಗೆದ. ಮುಂದಿನ ದೃಶ್ಯಕ್ಕೆ ಮಧ್ಯದ ಸಾಲಿನಿಂದ ಒಬ್ಬಳು, "ಯಪ್ಪಾ, ಮೊದ್ಲ ಕುಂದ್ರು, ಉಣ್ಣು," ಎಂದಳು. ಹಿಂದಿನಿಂದ ನಾಲ್ಕು ಗಂಡಸರು ಒಟ್ಟಿಗೇ, "ಉಣ್ಣಾಕ ಬಂದಿಲ್ಲ ನಾ. ಎಣಸಾಕ ಬಂದೀನಿ," ಎಂದರು.

ಆಮೇಲೆ ಎಲ್ಲ ಕಡೆಯಿಂದ ಬಂತು. ಅಳಿಯನನ್ನು ಕೆಲವರು ತೆಲುಗಿನಲ್ಲಿ ಆಡಿದರು, ಕೆಲವರು ದಖನಿಯಲ್ಲಿ. ನಡುವೆ ಜಗಳವೂ ಆಯಿತು. "ಹಾಂಗಲ್ಲ, ಆಕಿ ಇಲ್ಲಿ ಸ್ವಲ್ಪ ತಡದು ಅಂತಿದ್ಳು." "ನಿಂಗೇನ್ ಗೊತ್ತು, ನೀ ಬಂದಿದ್ದೇ ಎರಡ್ ಸಲ!" ವ್ಯಾಪಾರಿ ಬಂದಾಗ ಇಡೀ ಗೋದಾಮು ವಿಠಲ್ ಸೇಠರ ದನಿಯಲ್ಲಿ, "ಏಳೋ ಮುದುಕಾ, ಮಾಲ್ ಬರೂ ಹೊತ್ತಾಗ್ಯಾದ!" ಎಂದಿತು. ಕುರ್ಚಿಯ ಮೇಲೆ ಕೂತಿದ್ದ ಸೇಠ್ ತಾವೂ ಹೇಳಿದರು. ಪ್ರತಿಯೊಬ್ಬರ ಮಾತಿನಲ್ಲೂ ಅವಳ ಎಳೆತ, ಅವಳ ತಡೆ, ಅವಳು ಮಾಡುತ್ತಿದ್ದ ಬೀಡಿ ಕೆಮ್ಮು. ನಾನು ಯಾವ ಟೇಪಿನಲ್ಲಿ ಹುಡುಕಿದ್ದೆನೋ ಅದೆಲ್ಲ ಇವರ ಬಾಯಲ್ಲಿತ್ತು. ನಾನು ಅವಳ ದನಿಗೆ ಬೀಗ ಹಾಕಿಟ್ಟೆ ಎಂದುಕೊಂಡಿದ್ದ ಅಷ್ಟೂ ವರ್ಷ ಅವಳು ಅದನ್ನು ಊರೂರಿಗೆ ಹಂಚಿ ಬರುತ್ತಿದ್ದಳು.

ಹಳ್ಳದ ದಂಡೆಯ ದೃಶ್ಯ ಬಂತು. ಮುದುಕ ಕೂತ. ಗೋದಾಮು ಒಮ್ಮೆಲೇ ಸುಮ್ಮನಾಯಿತು. ಅಲ್ಲಿ ಯಾವ ಮಾತೂ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಏನಿದೆ ಎಂಬುದೂ ಗೊತ್ತಿತ್ತು.

ಕತ್ತಲಲ್ಲಿ ಯಾರೋ ನೀರು ಕುಡಿದರು. ಮೂರು ಗುಟುಕು. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತಿದ್ದ ನನಗೆ ಅದು ಮೂರು ಎಂದು ಗೊತ್ತಿರಲಿಲ್ಲ. ಆಮೇಲೆ ಕಲ್ಲಿನ ಮೇಲೆ ತಂಬಿಗೆ ಇಟ್ಟ ಸಪ್ಪಳ, ಟಣ್. ಬಾಲಮ್ಮ ಮನೆಯಿಂದ ಅದೇ ತಂಬಿಗೆ ತಂದಿದ್ದಳು.

ಮುದುಕ ಎದ್ದ. ಜನ ಮುಂದಿನ ಮಾತು ಎತ್ತಿಕೊಂಡರು.

ಸುಜಾತಾ ಆ ದಿನ ಹಿಡಿದದ್ದನ್ನು ಫೋನಿಗೆ ಹಾಕಿಕೊಂಡು ಮರುವಾರ ಮನೆಗೆ ಬಂದಳು. ಸದ್ದು ಶುದ್ಧ ಮಾಡುವ ವಿದ್ಯೆ ಅವಳಿಗೆ ಬರುತ್ತದೆ. ಫ್ಯಾನಿನ ಗುಂಯ್‌ಗುಡುವಿಕೆಯನ್ನು ಆಗಲೇ ತೆಗೆದಿದ್ದಳು. ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. ನಾನು ಕಣ್ಣು ಮುಚ್ಚಿ ಪೂರ್ತಿ ಕೇಳಿದೆ.

"ಛಲೋ ಬಂದದ, ಅಲ್ಲೇನ್ರಿ ಕಾಕಾ? ನಡೂಕ ಒಂದೇ ಕಡಿ ಯಾರೋ ನೀರು ಕುಡದು ಚರಗಿ ಇಟ್ಟಾರ. ಟಣ್ ಅಂತದ. ಅದನ್ನ ತಗದು ಬಿಡ್ಲೇನು?"

"ಬ್ಯಾಡವ್ವ," ಎಂದೆ. "ಅದು ಸಿನಿಮಾದಾಗಿಂದೇ ಅದ."